ಎಚ್-4 ವೀಸಾದಲ್ಲಿ ದುಡಿಮೆ: ಅನುಮತಿ ಎಲ್ಲಿಂದ ಬರುತ್ತದೆ, ಯಾವಾಗ ಬರುತ್ತದೆ

ಪ್ರಶ್ನೆ: ನಾನು ದಾವಣಗೆರೆಯ ಪದವಿಪೂರ್ವ ಕಾಲೇಜೊಂದರಲ್ಲಿ ಆರು ವರ್ಷ ಭೌತಶಾಸ್ತ್ರ ಉಪನ್ಯಾಸಕಿಯಾಗಿದ್ದೆ. ಎಂ.ಎಸ್ಸಿ., ಬಿ.ಎಡ್. ಮುಗಿಸಿದ್ದೇನೆ. ಮದುವೆಯಾಗಿ ಎಂಟು ತಿಂಗಳ ಹಿಂದೆ, ಎಚ್-1ಬಿ ಉದ್ಯೋಗಿಯ ಸಂಗಾತಿಗೆ ಕೊಡುವ ಎಚ್-4 ವೀಸಾದ ಮೇಲೆ ಅಮೆರಿಕದ ಟೆಕ್ಸಾಸ್‌ಗೆ ಬಂದೆ. ಪತಿ ಎಚ್-1ಬಿ ಎಂಬ ಉದ್ಯೋಗ ವೀಸಾದ ನಾಲ್ಕನೇ ವರ್ಷದಲ್ಲಿದ್ದಾರೆ. ಅವರ ಕಂಪನಿ ಗ್ರೀನ್ ಕಾರ್ಡ್‌ಗಾಗಿ ಪರ್ಮ್ ಎಂಬ ಮೊದಲ ಹಂತದ ಅರ್ಜಿ ಹಾಕಿ ಐದು ತಿಂಗಳಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ಇಬ್ಬರು ಮಕ್ಕಳಿಗೆ ಕಳೆದ ಎರಡು ಶನಿವಾರ ಗಣಿತ ಹೇಳಿಕೊಟ್ಟೆ. ಪೋಷಕರು ಒಟ್ಟು 80 ಡಾಲರ್ ಪತಿಯ ಖಾತೆಗೆ ಹಾಕಿದರು. ಇನ್ನೂ ನಾಲ್ಕೈದು ಮನೆಯವರು ಕೇಳುತ್ತಿದ್ದಾರೆ. ಊರಿನ ಕಾಲೇಜಿನವರು ಆನ್‌ಲೈನ್ ತರಗತಿ ತೆಗೆದುಕೊಳ್ಳಿ, ಸಂಬಳವನ್ನು ನಿಮ್ಮ ಭಾರತದ ಖಾತೆಗೇ ಹಾಕುತ್ತೇವೆ ಎನ್ನುತ್ತಿದ್ದಾರೆ. ಇದೆಲ್ಲ ಸರಿಯೇ? ನನಗೆ ಕೆಲಸದ ಅನುಮತಿ ಸಿಗುವುದು ಯಾವಾಗ? ನಾನೇ ಎಚ್-1ಬಿಗೆ ಪ್ರಯತ್ನಿಸಬಹುದೇ? ಕಾಲೇಜಿಗೆ ಸೇರಿದರೆ ಮೊದಲ ದಿನದಿಂದಲೇ ಕೆಲಸ ಮಾಡಬಹುದು ಎಂದು ಗೆಳತಿಯೊಬ್ಬಳು ಹೇಳುತ್ತಾಳೆ, ಅದು ನಿಜವೇ?

ಉತ್ತರ: ಆರು ವರ್ಷ ತರಗತಿಯಲ್ಲಿ ನಿಂತು ಪಾಠ ಮಾಡಿದವರಿಗೆ ಇದ್ದಕ್ಕಿದ್ದಂತೆ ಕೈಕಟ್ಟಿ ಕುಳಿತುಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಎಚ್-4 ಕುಟುಂಬಗಳ ಕಾಗದಪತ್ರಗಳನ್ನು ನೋಡುತ್ತ ಬಂದ ಇಷ್ಟು ವರ್ಷಗಳಲ್ಲಿ, ಓದಿದ ಹೆಣ್ಣುಮಕ್ಕಳು ದುಡಿಮೆ ಬಿಟ್ಟು ಬಂದು ಪಡುವ ಸಂಕಟವನ್ನು ಬಹಳ ಹತ್ತಿರದಿಂದ ಕಂಡಿದ್ದೇನೆ. ಹಾಗೆಂದು ನಿಮಗೆ ಹಿತವೆನಿಸುವ ಉತ್ತರ ಕೊಟ್ಟರೆ ಅದರಿಂದ ನಿಮಗೆ ಹಾನಿಯೇ ಆಗುತ್ತದೆ. ಆದ್ದರಿಂದ ಮೊದಲು ನಿಷ್ಠುರವಾದ ಭಾಗವನ್ನು ಹೇಳಿ, ಆಮೇಲೆ ದಾರಿ ಎಲ್ಲಿದೆ ಎಂಬುದಕ್ಕೆ ಬರುತ್ತೇನೆ. ದಾರಿ ಖಂಡಿತ ಇದೆ.

ಅಮೆರಿಕದ ಕಾನೂನಿನಲ್ಲಿ ಇರುವುದಕ್ಕೆ ಅನುಮತಿ ಬೇರೆ, ದುಡಿಯುವುದಕ್ಕೆ ಅನುಮತಿ ಬೇರೆ. ನಿಮ್ಮ ಪತಿಯ ಎಚ್-1ಬಿಯಲ್ಲಿ ಇವೆರಡೂ ಒಟ್ಟಿಗೆ ಬಂದಿವೆ, ಅದೂ ಅರ್ಜಿ ಹಾಕಿದ ಆ ಒಂದು ಕಂಪನಿಯ ಮಟ್ಟಿಗೆ. ನಿಮ್ಮ ಎಚ್-4ರಲ್ಲಿ ಬಂದಿರುವುದು ಇರುವ ಅನುಮತಿ ಮಾತ್ರ. ಓದಬಹುದು, ವಾಹನ ಚಲಾಯಿಸಬಹುದು, ಬ್ಯಾಂಕ್ ಖಾತೆ ತೆರೆಯಬಹುದು, ಷೇರು ಕೊಳ್ಳಬಹುದು, ಊರಿನ ಮನೆಯ ಬಾಡಿಗೆ ಪಡೆಯಬಹುದು. ದುಡಿದು ಗಳಿಸುವುದಕ್ಕೆ ಮಾತ್ರ ಪ್ರತ್ಯೇಕ ಅಪ್ಪಣೆ ಬೇಕು. ಅದು ಸರ್ಕಾರ ಕೊಡುವ ಫೋಟೊ ಸಹಿತದ ಒಂದು ಕಾರ್ಡಿನ ರೂಪದಲ್ಲಿ ಬರುತ್ತದೆ. ಎಲ್ಲರೂ ಇಎಡಿ ಎಂದು ಕರೆಯುವುದು ಅದನ್ನೇ. ಆ ಕಾರ್ಡಿನ ಮೇಲೆ ನಿಮ್ಮ ಹೆಸರು, ಸಂಖ್ಯೆ, ಜಾರಿಯ ದಿನಾಂಕ, ಮುಗಿಯುವ ದಿನಾಂಕಗಳ ಜೊತೆಗೆ ಸಿ26 ಎಂಬ ವರ್ಗಸಂಕೇತ ಮುದ್ರಿತವಾಗಿರುತ್ತದೆ. ಎಚ್-4 ಸಂಗಾತಿಗಳ ವರ್ಗ ಅದು. ಆ ಕಾರ್ಡು ಕೈಗೆ ಬಂದು, ಅದರ ಮೇಲಿನ ಮೊದಲ ದಿನಾಂಕ ಬರುವ ತನಕ, ಅರ್ಜಿ ಹಾಕಿದ ರಸೀತಿಯ ಬಲದ ಮೇಲೆ ಒಂದು ಗಂಟೆಯೂ ದುಡಿಯುವಂತಿಲ್ಲ.

ಈಗ ಟ್ಯೂಷನ್ನಿನ ವಿಚಾರ. ಮನೆಯಲ್ಲಿ ಕುಳಿತು ನೆರೆಮನೆಯ ಮಕ್ಕಳಿಗೆ ಹೇಳಿಕೊಡುವುದು ನಮ್ಮ ಊರಿನಲ್ಲಿ ಯಾರೂ ಕೆಲಸವೆಂದು ಎಣಿಸದ ಸಂಗತಿ. ಇಲ್ಲಿ ಹಾಗಲ್ಲ. ಹಣ ಪಡೆದು ಮಾಡಿದ ಸೇವೆ ಎಲ್ಲವೂ ದುಡಿಮೆಯೇ; ಸಂಬಳದ ಚೀಟಿ ಇರಬೇಕೆಂದಿಲ್ಲ, ಕಂಪನಿ ಇರಬೇಕೆಂದಿಲ್ಲ. ಸಂಗೀತದ ಪಾಠ, ಭರತನಾಟ್ಯದ ತರಗತಿ, ಹಬ್ಬದ ವಾರದಲ್ಲಿ ವಾಟ್ಸಾಪ್ ಗುಂಪಿನಲ್ಲಿ ಆರ್ಡರ್ ತೆಗೆದುಕೊಂಡು ಮಾಡಿಕೊಡುವ ಹೋಳಿಗೆ ಚಕ್ಕುಲಿ, ಬೆಂಗಳೂರಿನಿಂದ ಸೀರೆ ತರಿಸಿ ಮಾರುವುದು, ಪಕ್ಕದ ಮನೆಯ ಕೂಸನ್ನು ದುಡ್ಡಿಗೆ ನೋಡಿಕೊಳ್ಳುವುದು, ಯೂಟ್ಯೂಬ್ ಚಾನೆಲ್‌ನ ಜಾಹೀರಾತಿನ ಹಣ, ಇವೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹಣ ಪತಿಯ ಖಾತೆಗೆ ಹೋಯಿತೆಂಬುದರಿಂದ ಏನೂ ಬದಲಾಗುವುದಿಲ್ಲ, ಏಕೆಂದರೆ ಕಾನೂನು ಕೇಳುವುದು ದುಡಿದವರು ಯಾರು ಎಂದು. ನಗದಿಗಿಂತ ಜೆಲ್ (ಖಾತೆಯಿಂದ ಖಾತೆಗೆ ಫೋನಿನಲ್ಲೇ ಹಣ ಕಳುಹಿಸುವ ಸೌಲಭ್ಯ) ಮೂಲಕ ಬಂದ ಹಣದಲ್ಲಿ ಇನ್ನೊಂದು ಸಂಗತಿಯಿದೆ. ‘ಮ್ಯಾಥ್ಸ್ ಕ್ಲಾಸ್, ಎರಡು ವಾರ’ ಎಂದು ಕಳುಹಿಸಿದವರು ಟಿಪ್ಪಣಿ ಬರೆದಿದ್ದರೆ, ಅದು ವರ್ಷಗಳ ನಂತರವೂ ಬ್ಯಾಂಕಿನ ದಾಖಲೆಯಲ್ಲಿ ಹಾಗೆಯೇ ಇರುತ್ತದೆ.

ಇದರ ಪರಿಣಾಮ ಏನು? ಮುಂದೊಂದು ದಿನ ನೀವು ಗ್ರೀನ್ ಕಾರ್ಡಿನ ಕೊನೆಯ ಹಂತದಲ್ಲಿ ಐ-485 ಎಂಬ ಅರ್ಜಿ ತುಂಬುತ್ತೀರಿ. ಅನುಮತಿಯಿಲ್ಲದೆ ಅಮೆರಿಕದಲ್ಲಿ ಎಂದಾದರೂ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆ ಅದರಲ್ಲಿ ಇದೆ. ಹೌದು ಎಂದರೆ ಅಡ್ಡಿ ಬರಬಹುದು. ಇಲ್ಲವೆಂದು ಸುಳ್ಳು ಹೇಳಿದರೆ ಅದು ಮೂಲ ತಪ್ಪಿಗಿಂತ ಹತ್ತು ಪಟ್ಟು ದೊಡ್ಡ ತಪ್ಪು. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಪಡೆಯುವವರಿಗೂ ಅವರ ಸಂಗಾತಿಗೂ ಕಾನೂನಿನ 245(ಕೆ) ಕಲಮು ಒಂದು ವಿನಾಯಿತಿ ಕೊಡುತ್ತದೆ: ಕೊನೆಯ ಬಾರಿ ಕ್ರಮಬದ್ಧವಾಗಿ ದೇಶದೊಳಗೆ ಬಂದ ಮೇಲೆ ಇಂಥ ಲೋಪಗಳು ಒಟ್ಟು 180 ದಿನ ಮೀರಿರದಿದ್ದರೆ ಅವು ಅರ್ಜಿಗೆ ಅಡ್ಡಬರುವುದಿಲ್ಲ. ಆದರೆ ಎಣಿಕೆಯ ರೀತಿಯನ್ನು ಗಮನಿಸಿ. ಶನಿವಾರ ಮಾತ್ರ ಎರಡು ಗಂಟೆ ಪಾಠ ಮಾಡಿದೆ, ವರ್ಷಕ್ಕೆ 52 ದಿನವಷ್ಟೇ ಆಯಿತು ಎಂದು ನೀವು ಲೆಕ್ಕ ಹಾಕಬಹುದು. ವಲಸೆ ಇಲಾಖೆ ಹಾಗೆ ಲೆಕ್ಕ ಹಾಕುವುದಿಲ್ಲ. ಕೆಲಸ ಶುರುವಾದ ದಿನದಿಂದ ಅದು ನಿಂತಿತು ಎಂಬುದಕ್ಕೆ ಆಧಾರ ಸಿಗುವ ದಿನದವರೆಗೆ, ನಡುವಿನ ಬಿಡುವಿನ ದಿನಗಳನ್ನೂ ಸೇರಿಸಿ ಎಣಿಸುತ್ತದೆ. ವಾರಕ್ಕೊಂದು ದಿನದ ಟ್ಯೂಷನ್ ಆರು ತಿಂಗಳು ನಡೆದರೆ 180ರ ಗಡಿ ದಾಟಿಹೋಗುತ್ತದೆ. ಎರಡು ಶನಿವಾರದಲ್ಲಿ ನಿಲ್ಲಿಸಿದರೆ ನಿಮ್ಮದು ಗಡಿಯಿಂದ ಬಹಳ ದೂರದಲ್ಲಿರುವ ಸಣ್ಣ ಲೋಪ. ಮುಂದುವರಿಸಿದರೆ ಇಡೀ ಸಂಸಾರದ ಹತ್ತಾರು ವರ್ಷಗಳ ಕಾಯುವಿಕೆಯನ್ನು ವಾರಕ್ಕೆ 40 ಡಾಲರ್‌ಗೆ ಒತ್ತೆ ಇಟ್ಟಂತೆ.

ಊರಿನ ಕಾಲೇಜಿನ ಆನ್‌ಲೈನ್ ತರಗತಿಯ ಬಗ್ಗೆ ನೀವು ಬೇರೆ ಬೇರೆ ಕಡೆ ಬೇರೆ ಬೇರೆ ಮಾತು ಕೇಳಿರುತ್ತೀರಿ. ಕಾಲೇಜು ಭಾರತದ್ದು, ವಿದ್ಯಾರ್ಥಿಗಳು ಭಾರತದವರು, ಸಂಬಳ ರೂಪಾಯಿಯಲ್ಲಿ, ಹಾಗಾದರೆ ಅಮೆರಿಕಕ್ಕೇನು ಸಂಬಂಧ ಎಂಬ ವಾದ ಕೇಳುವುದಕ್ಕೆ ಸರಿಯಾಗಿಯೇ ಇದೆ. ಆದರೆ ವಲಸೆ ನಿಯಮಾವಳಿಯಲ್ಲಿ ಉದ್ಯೋಗ ಎಂಬ ಮಾತಿಗೆ ಕೊಟ್ಟಿರುವ ಅರ್ಥ ಅಮೆರಿಕದ ನೆಲದೊಳಗೆ ಮಾಡಿದ ಸೇವೆ ಅಥವಾ ಶ್ರಮ ಎಂಬುದಾಗಿದೆ. ಸಂಬಳ ಯಾವ ದೇಶದಲ್ಲಿ ಜಮೆಯಾಯಿತು ಎಂಬ ಮಾತು ಅದರಲ್ಲಿಲ್ಲ. ನಿಮ್ಮ ದೇಹ ಟೆಕ್ಸಾಸಿನಲ್ಲಿ ಕುಳಿತು ಕ್ಯಾಮೆರಾ ಮುಂದೆ ನ್ಯೂಟನ್ನನ ನಿಯಮ ವಿವರಿಸುತ್ತಿದ್ದರೆ ಶ್ರಮ ನಡೆದಿರುವುದು ಟೆಕ್ಸಾಸಿನಲ್ಲೇ. ಇದನ್ನು ಸಡಿಲವಾಗಿ ಓದುವ ವಕೀಲರೂ ಇದ್ದಾರೆ; ನಾನು ಅವರ ಜೊತೆಗಿಲ್ಲ, ಏಕೆಂದರೆ ಅವರ ಓದು ತಪ್ಪಾದರೆ ಬೆಲೆ ತೆರುವವರು ನೀವು. ತೆರಿಗೆಯ ಕಡೆಯಿಂದಲೂ ಇದು ಮುಚ್ಚಿಡಬಹುದಾದ ವಿಷಯವಲ್ಲ. ನಿಗದಿತ ದಿನಗಳಿಗಿಂತ ಹೆಚ್ಚು ಇಲ್ಲಿದ್ದವರು ತೆರಿಗೆಯ ಮಟ್ಟಿಗೆ ಇಲ್ಲಿನ ನಿವಾಸಿಗಳಾಗುತ್ತಾರೆ. ಆಗ ಪ್ರಪಂಚದ ಯಾವ ಮೂಲೆಯ ಆದಾಯವಾದರೂ ಜಂಟಿ ತೆರಿಗೆ ವಿವರದಲ್ಲಿ ಬರಲೇಬೇಕು. ಅಲ್ಲಿ ತೋರಿಸಿದರೆ ದುಡಿದಿದ್ದಕ್ಕೆ ನೀವೇ ಸಾಕ್ಷಿ ಕೊಟ್ಟಂತೆ, ತೋರಿಸದಿದ್ದರೆ ಇನ್ನೊಂದು ತಪ್ಪು. ಇಷ್ಟು ಹೇಳಿದ ಮೇಲೆ ಒಂದು ಮಾತು: ರಜೆಗೆ ಊರಿಗೆ ಹೋದಾಗ ಅಲ್ಲಿಯೇ ನಿಂತು ಒಂದು ಅವಧಿ ಪಾಠ ಮಾಡಿ ಸಂಬಳ ಪಡೆಯುವುದಕ್ಕೆ ಅಮೆರಿಕದ ವಲಸೆ ಕಾನೂನಿನ ಅಡ್ಡಿ ಏನೇನೂ ಇಲ್ಲ. ಅಂದ ಹಾಗೆ, ನೀವು ದೇಶ ಬಿಟ್ಟು ಬಂದಿರುವುದರಿಂದ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿ ಭಾರತೀಯರಿಗಿರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಬಹಳ ಜನ ಇದನ್ನು ಮರೆತಿರುತ್ತಾರೆ.

ಸಂಬಳವಿಲ್ಲದ ಸೇವೆಗೆ ಅವಕಾಶವಿದೆ, ಆದರೆ ಅದು ನಿಜವಾಗಿಯೂ ಸೇವೆಯಾಗಿರಬೇಕು. ಕನ್ನಡ ಕೂಟದವರು ವಾರಾಂತ್ಯದಲ್ಲಿ ನಡೆಸುವ ಕನ್ನಡ ಶಾಲೆಯಲ್ಲಿ ಉಳಿದ ಶಿಕ್ಷಕರೂ ಸ್ವಯಂಸೇವಕರೇ ಆಗಿದ್ದರೆ ನೀವು ಸಂತೋಷವಾಗಿ ಪಾಠ ಮಾಡಬಹುದು. ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು, ಇಎಡಿ ಬಂದ ಮೇಲೆ ನೋಡೋಣ ಎಂಬ ಭರವಸೆಯ ಮೇಲೆ ಕಂಪನಿಯೊಂದಕ್ಕೆ ಪುಕ್ಕಟೆಯಾಗಿ ಮಾಡಿಕೊಡುವುದು ಸೇವೆಯಲ್ಲ. ಗಿಫ್ಟ್ ಕಾರ್ಡ್ ರೂಪದಲ್ಲಿ ಕೊಟ್ಟ ಕೃತಜ್ಞತೆಯೂ ಸಂಬಳವೆಂದೇ ಎಣಿಕೆಯಾಗುವ ಅಪಾಯವಿದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಕಾರ್ಡು ಯಾವಾಗ. ಒಬಾಮ ಆಡಳಿತದ ಕಾಲದಲ್ಲಿ, 2015ರ ಮೇ 26ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಎಚ್-4 ಸಂಗಾತಿಗಳಲ್ಲಿ ಎಲ್ಲರಿಗೂ ಅಲ್ಲ, ಎರಡು ಬಗೆಯವರಿಗೆ ಮಾತ್ರ ಕೆಲಸದ ಅನುಮತಿ ಸಿಗುತ್ತದೆ. ಎಚ್-1ಬಿಯಲ್ಲಿರುವ ಸಂಗಾತಿಯ ಹೆಸರಿನಲ್ಲಿ ಐ-140 ಎಂಬ ವಲಸೆ ಅರ್ಜಿ ಮಂಜೂರಾಗಿರಬೇಕು. ಇಲ್ಲವೇ, ಪರ್ಮ್ ಅಥವಾ ಐ-140 ಅರ್ಜಿ ಹಾಕಿ 365 ದಿನ ಕಳೆದ ಕಾರಣಕ್ಕೆ ಅವರ ಎಚ್-1ಬಿ ಆರು ವರ್ಷದ ಮಿತಿಯಾಚೆಗೆ ವಿಸ್ತರಣೆ ಪಡೆದಿರಬೇಕು. ನಿಮ್ಮ ಪತಿ ನಾಲ್ಕನೇ ವರ್ಷದಲ್ಲಿರುವುದರಿಂದ ಎರಡನೆಯ ದಾರಿ ತೆರೆಯಲು ಇನ್ನೂ ಸಮಯವಿದೆ. ಅಲ್ಲದೆ ಆ ದಾರಿಯಲ್ಲಿ ಒಮ್ಮೆಗೆ ಒಂದು ವರ್ಷದ ವಿಸ್ತರಣೆಯಷ್ಟೇ ಸಿಗುವುದರಿಂದ ನಿಮ್ಮ ಕಾರ್ಡಿನ ಆಯುಷ್ಯವೂ ಅಷ್ಟೇ. ನೀವು ಕಣ್ಣಿಡಬೇಕಾದದ್ದು ಐ-140 ಮೇಲೆ.

ಇಲ್ಲಿ ಬಹಳ ಜನ ತಪ್ಪು ತಿಳಿಯುವ ಒಂದು ಅಂಶವಿದೆ. ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡಿನ ಸರದಿ ದಶಕಗಟ್ಟಲೆ ಹಿಂದಿದೆ ಎಂಬುದು ನಿಜ. ವರ್ಷಕ್ಕೆ ಸುಮಾರು 1,40,000 ಉದ್ಯೋಗಾಧಾರಿತ ವೀಸಾಗಳು, ಅದರಲ್ಲಿ ಯಾವ ಒಂದು ದೇಶಕ್ಕೂ ಶೇ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯ ಫಲ ಅದು. ಆದರೆ ನಿಮ್ಮ ಇಎಡಿಗೆ ಆ ಸರದಿ ಬರಬೇಕಾಗಿಲ್ಲ. ಐ-140 ಮಂಜೂರಾದರೆ ಸಾಕು, ಮರುದಿನವೇ ಇಎಡಿಗಾಗಿ ಐ-765 ಎಂಬ ಅರ್ಜಿ ಹಾಕಬಹುದು. ಪತಿಯ ಎಚ್-1ಬಿ ವಿಸ್ತರಣೆಯ ತನಕ ಕಾಯುವುದೂ ಬೇಡ. ಸರದಿಯ ಉದ್ದವನ್ನು ಕೇಳಿ ಎದೆಗುಂದಿ, ಅರ್ಜಿ ಹಾಕುವ ಅರ್ಹತೆ ಬಂದ ಮೇಲೂ ಒಂದೂವರೆ ವರ್ಷ ಸುಮ್ಮನಿದ್ದ ಒಂದು ಸಂಸಾರವನ್ನು ನೋಡಿದ್ದೇನೆ. ಆಕೆ ಬೆಂಗಳೂರಿನಲ್ಲಿ ಹಲವು ವರ್ಷ ಅನುಭವ ಪಡೆದ ದಂತವೈದ್ಯೆ. ಐ-140 ಮಂಜೂರಾತಿಯ ಹಾಳೆ ಪತಿಯ ಇಮೇಲಿನಲ್ಲೇ ಇತ್ತು. ಆ ಹಾಳೆಗೂ ತನ್ನ ದುಡಿಮೆಗೂ ಸಂಬಂಧವಿದೆಯೆಂದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ನಿಮ್ಮ ಮನೆಯಲ್ಲಿ ಕ್ರಮ ಹೀಗೆ ಸಾಗಬಹುದು. ಪರ್ಮ್ ಎಂದರೆ ಈ ಹುದ್ದೆಗೆ ಸ್ಥಳೀಯರು ಸಿಗಲಿಲ್ಲ ಎಂದು ಕಾರ್ಮಿಕ ಇಲಾಖೆ ಕೊಡುವ ಪ್ರಮಾಣಪತ್ರ; ಈಚಿನ ವರ್ಷಗಳಲ್ಲಿ ಇದಕ್ಕೆ ಒಂದು ವರ್ಷಕ್ಕೂ ಮೀರಿ ಹಿಡಿದಿದೆ. ಅದು ಬಂದ ಮೇಲೆ 180 ದಿನದೊಳಗೆ ಕಂಪನಿ ಐ-140 ಸಲ್ಲಿಸಬೇಕು. ಇಲ್ಲಿ ನಿಮ್ಮ ಪತಿ ಕಂಪನಿಯನ್ನು ಒಂದು ಮಾತು ಕೇಳಬೇಕು: ಪ್ರೀಮಿಯಂ ಶುಲ್ಕ ಕಟ್ಟಿ ಐ-140 ಹಾಕುತ್ತೀರಾ? ಕಟ್ಟಿದರೆ ಸಾಮಾನ್ಯ ವರ್ಗಗಳಲ್ಲಿ 15 ಕೆಲಸದ ದಿನಗಳೊಳಗೆ ವಲಸೆ ಇಲಾಖೆ ಉತ್ತರ ಕೊಡಬೇಕು. ಕಟ್ಟದಿದ್ದರೆ ತಿಂಗಳುಗಟ್ಟಲೆ ಕಾಯಬೇಕು. ಎಷ್ಟೋ ಕಂಪನಿಗಳು ಎಚ್-1ಬಿಗೆ ಆರು ವರ್ಷ ಮುಗಿಯಲು ಇನ್ನೂ ಸಮಯವಿದೆಯಲ್ಲ, ಅವಸರವೇನು ಎನ್ನುತ್ತವೆ. ಅವಸರ ಕಂಪನಿಗಿಲ್ಲ, ನಿಮಗಿದೆ ಎಂಬುದನ್ನು ಪತಿಯೇ ಮೇಲಧಿಕಾರಿಗೆ ವಿನಯದಿಂದ, ಲಿಖಿತವಾಗಿ ತಿಳಿಸಬೇಕು. ಮಂಜೂರಾತಿಯ ಪ್ರತಿಯನ್ನೂ ಕೇಳಿ ಪಡೆಯಬೇಕು. ಅರ್ಜಿ ಕಂಪನಿಯದಾದ್ದರಿಂದ ಮೂಲ ಹಾಳೆ ಅವರಿಗೆ ಹೋಗುತ್ತದೆ. ಪ್ರತಿ ಕೊಡದ ಕಂಪನಿಗಳೂ ಇವೆ. ಕನಿಷ್ಠ ಅದರ ರಸೀತಿ ಸಂಖ್ಯೆಯನ್ನಾದರೂ ಬರೆದಿಟ್ಟುಕೊಳ್ಳಿ.

ಈ ನಡುವೆ ಪತಿ ಕೆಲಸ ಬದಲಾಯಿಸುವ ಆಲೋಚನೆಯಲ್ಲಿದ್ದರೆ ಗಂಡಹೆಂಡಿರಿಬ್ಬರೂ ಕುಳಿತು ಮಾತಾಡಿ ತೀರ್ಮಾನಿಸಬೇಕು. ಐ-140 ಮಂಜೂರಾಗುವ ಮೊದಲೇ ಕಂಪನಿ ಬಿಟ್ಟರೆ ಹೊಸ ಕಂಪನಿಯಲ್ಲಿ ಪರ್ಮ್ ಮೊದಲಿನಿಂದ ಶುರುವಾಗುತ್ತದೆ, ನಿಮ್ಮ ಅನುಮತಿಯೂ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಮಂಜೂರಾಗಿ 180 ದಿನ ಕಳೆದ ಮೇಲೆ ಬಿಟ್ಟರೆ, ಹಳೆಯ ಕಂಪನಿ ಅರ್ಜಿಯನ್ನು ಹಿಂತೆಗೆದುಕೊಂಡರೂ ಮಂಜೂರಾತಿ ಉಳಿಯುತ್ತದೆ, ಅದರ ಆಧಾರದ ಮೇಲೆ ನಿಮ್ಮ ಇಎಡಿಯೂ ಉಳಿಯುತ್ತದೆ. ಸಂಬಳ ಹೆಚ್ಚಿರುವ ಕೆಲಸ ಬಂದಾಗ ಈ 180 ದಿನಗಳ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಹೊರಡುವುದು ನಾನು ಕಂಡ ಅತ್ಯಂತ ಸಾಮಾನ್ಯ ತಪ್ಪು.

ಅರ್ಜಿಗೆ ಬೇಕಾದ ಕಾಗದಗಳು ಹೆಚ್ಚೇನಿಲ್ಲ: ನಿಮ್ಮ ಐ-94 (ದೇಶದೊಳಗೆ ಬಂದದ್ದರ ಮತ್ತು ಎಂದಿನವರೆಗೆ ಇರಬಹುದೆಂಬುದರ ದಾಖಲೆ), ಪಾಸ್‌ಪೋರ್ಟ್, ಪತಿಯ ಎಚ್-1ಬಿ ಮತ್ತು ಐ-140 ಮಂಜೂರಾತಿಗಳು, ಮದುವೆಯ ಪ್ರಮಾಣಪತ್ರ, ಫೋಟೊ. ಕಾಗದದ ಅರ್ಜಿಗೆ ಶುಲ್ಕ 2024ರ ಏಪ್ರಿಲ್ 1ರ ಪರಿಷ್ಕರಣೆಯಲ್ಲಿ 520 ಡಾಲರ್ ಆಯಿತು. ಹಾಕುವ ದಿನ ಇಲಾಖೆಯ ತಾಣದಲ್ಲಿ ಮತ್ತೊಮ್ಮೆ ನೋಡಿ. ಮದುವೆಯ ಪ್ರಮಾಣಪತ್ರ ಎಂದರೆ ಉಪನೋಂದಣಾಧಿಕಾರಿ ಕಚೇರಿಯಿಂದ ಪಡೆದದ್ದು. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆಗಳು ಅದರ ಜಾಗ ತುಂಬುವುದಿಲ್ಲ. ಅದು ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಪೂರ್ತಿಯಾಗಿ ಅನುವಾದಿಸಿ, ಎರಡೂ ಭಾಷೆ ಬಲ್ಲೆ, ಅನುವಾದ ಸರಿಯಿದೆ ಎಂದು ಅನುವಾದಕರು ಸಹಿ ಮಾಡಿದ ಹಾಳೆಯನ್ನು ಲಗತ್ತಿಸಬೇಕು. ಅದೇ ಐ-765 ಅರ್ಜಿಯಲ್ಲಿ ಸೋಶಿಯಲ್ ಸೆಕ್ಯೂರಿಟಿ ಸಂಖ್ಯೆಯನ್ನೂ ಕೇಳಬಹುದು, ಬೇರೆ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ಕಾರ್ಡು ಬಂದಿತೆನ್ನಿ. ಆಗ ನಿಮ್ಮ ಸ್ವಾತಂತ್ರ್ಯ ಪತಿಯದಕ್ಕಿಂತ ದೊಡ್ಡದು: ಯಾವ ಸಂಸ್ಥೆಯಲ್ಲಾದರೂ, ಪೂರ್ಣಾವಧಿ ಅಥವಾ ಅರೆಕಾಲಿಕ, ಸ್ವಂತ ಟ್ಯೂಷನ್ ಕೇಂದ್ರವನ್ನೇ ತೆರೆದರೂ ಸರಿ. ಆದರೆ ಈ ಸ್ವಾತಂತ್ರ್ಯ ನಿಂತಿರುವುದು ಪತಿಯ ಎಚ್-1ಬಿ ಮೇಲೆ. ಅವರ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನಗಳ ಕಾಲಾವಕಾಶ ಸಿಗುತ್ತದೆ. ಅಷ್ಟರೊಳಗೆ ಬೇರೆ ವ್ಯವಸ್ಥೆ ಆಗದಿದ್ದರೆ, ನಿಮ್ಮ ಕಾರ್ಡಿನ ಮೇಲೆ ಇನ್ನೂ ಎರಡು ವರ್ಷ ಉಳಿದಿದ್ದರೂ ಅದು ನಿಂತ ನೆಲವೇ ಇಲ್ಲವಾಗುತ್ತದೆ.

ಈಗ ಎಲ್ಲಕ್ಕಿಂತ ಹೆಚ್ಚು ಜಾಗ್ರತೆ ಬೇಕಿರುವುದು ನವೀಕರಣದಲ್ಲಿ. ಕೆಲವು ವರ್ಷ ಪರಿಸ್ಥಿತಿ ಸ್ವಲ್ಪ ಹಗುರವಾಗಿತ್ತು: ಹಳೆಯ ಕಾರ್ಡು ಮುಗಿಯುವ ಮೊದಲೇ ನವೀಕರಣದ ಅರ್ಜಿ ಹಾಕಿದ್ದರೆ, ಐ-94 ಚಾಲ್ತಿಯಲ್ಲಿರುವಷ್ಟು ಕಾಲ, ಗರಿಷ್ಠ 540 ದಿನಗಳವರೆಗೆ ಕೆಲಸ ಮುಂದುವರಿಸಬಹುದಿತ್ತು. 2025ರ ಅಕ್ಟೋಬರ್ 30ರಂದು ಅಥವಾ ಆಮೇಲೆ ಹಾಕಿದ ಅರ್ಜಿಗಳಿಗೆ ಸರ್ಕಾರ ಈ ಸೌಲಭ್ಯವನ್ನು ತೆಗೆದುಹಾಕಿದೆ. ಅಂದರೆ ಕಾರ್ಡಿನ ಕೊನೆಯ ದಿನ ಮುಗಿದ ಮರುದಿನ ಹೊಸ ಕಾರ್ಡು ಕೈಯಲ್ಲಿಲ್ಲದಿದ್ದರೆ ಕೆಲಸ ನಿಲ್ಲಿಸಲೇಬೇಕು, ನಡುಸೆಮಿಸ್ಟರಿನಲ್ಲಿ ತರಗತಿ ಬಿಟ್ಟು ಬರಬೇಕಾದರೂ ಸರಿ. ನವೀಕರಣಕ್ಕೆ 180 ದಿನ ಮುಂಚೆಯೇ ಅರ್ಜಿ ಹಾಕಬಹುದು. ಆದರೆ ಇಲ್ಲೊಂದು ಸರಪಣಿ ಇದೆ: ನಿಮ್ಮ ಇಎಡಿಯ ಕೊನೆಯ ದಿನ ನಿಮ್ಮ ಎಚ್-4ರ ಕೊನೆಯ ದಿನಕ್ಕೆ ಕಟ್ಟಿರುತ್ತದೆ, ಎಚ್-4ರದು ಪತಿಯ ಎಚ್-1ಬಿಗೆ. ಎಚ್-1ಬಿ ವಿಸ್ತರಣೆಯನ್ನು ಆರು ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ. ಆ ಅರ್ಜಿಯನ್ನು ಪ್ರೀಮಿಯಂ ಶುಲ್ಕದಿಂದ ಬೇಗ ಮುಗಿಸಬಹುದು. ಎಚ್-4 ಸಂಗಾತಿಯ ಎರಡೂ ಅರ್ಜಿಗಳಿಗೆ ಆ ಸೌಲಭ್ಯವೇ ಇಲ್ಲ. ಹಿಂದೆ ಒಂದು ನ್ಯಾಯಾಲಯದ ರಾಜಿ ಒಪ್ಪಂದದಿಂದಾಗಿ ಮೂರನ್ನೂ ಒಟ್ಟಿಗೆ ಹಾಕಿದರೆ ಒಟ್ಟಿಗೇ ತೀರ್ಮಾನಿಸಬೇಕಾಗಿತ್ತು. ಆ ಒಪ್ಪಂದದ ಅವಧಿ 2025ರ ಜನವರಿಯಲ್ಲಿ ಮುಗಿಯಿತು. ಆದ್ದರಿಂದ ವಿಸ್ತರಣೆಯ ಬಾಗಿಲು ತೆರೆದ ಮೊದಲ ವಾರದಲ್ಲೇ ಮೂರೂ ಅರ್ಜಿಗಳು ಹೊರಟುಬಿಡಬೇಕು. ಐ-140 ಮಂಜೂರಾದ ಮೇಲೆ ಎಚ್-1ಬಿ ಒಮ್ಮೆಗೆ ಮೂರು ವರ್ಷ ವಿಸ್ತರಣೆಯಾಗುವುದರಿಂದ ಈ ತಲೆನೋವು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಕೆಲಸಕ್ಕೆ ಸೇರುವಾಗಲೇ ಶಾಲೆಗೆ ಕಾರ್ಡಿನ ಕೊನೆಯ ದಿನಾಂಕವನ್ನು ತಿಳಿಸಿ, ಅಂತರ ಬಿದ್ದರೆ ಸಂಬಳರಹಿತ ರಜೆ ಕೊಡುತ್ತೀರಾ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಈ ಇಎಡಿಯನ್ನೇ ಸರ್ಕಾರ ರದ್ದು ಮಾಡಿಬಿಟ್ಟರೆ ಎಂಬ ಭಯ ಬಹಳ ಮನೆಗಳಲ್ಲಿದೆ. ನಿಯಮ ಹುಟ್ಟಿದ 2015ರಲ್ಲೇ ‘ಸೇವ್ ಜಾಬ್ಸ್ ಯುಎಸ್‌ಎ’ ಎಂಬ ಗುಂಪು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2023ರ ಮಾರ್ಚ್‌ನಲ್ಲಿ ಜಿಲ್ಲಾ ನ್ಯಾಯಾಲಯ, 2024ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿದವು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು. ಟ್ರಂಪ್ ಅವರ ಮೊದಲ ಆಡಳಿತದಲ್ಲಿ ನಿಯಮವನ್ನು ಹಿಂತೆಗೆಯುವ ಪ್ರಸ್ತಾವ ವರ್ಷಗಟ್ಟಲೆ ಕಾರ್ಯಸೂಚಿಯಲ್ಲಿತ್ತು, ಅದು ಜಾರಿಗೆ ಬರಲಿಲ್ಲ, 2021ರ ಜನವರಿಯಲ್ಲಿ ಬೈಡನ್ ಆಡಳಿತ ಅದನ್ನು ಕೈಬಿಟ್ಟಿತು. ನ್ಯಾಯಾಲಯದ ಕಡೆಯ ಅಪಾಯ ಸದ್ಯಕ್ಕೆ ಕಳೆದಿದೆ. ಹೊಸ ನಿಯಮ ಮಾಡಿ ಇದನ್ನು ಬದಲಾಯಿಸುವ ಅಧಿಕಾರ ಸರ್ಕಾರಕ್ಕೆ ಈಗಲೂ ಇದೆ. ಅರ್ಹತೆ ಬಂದ ದಿನವೇ ಅರ್ಜಿ ಹಾಕಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ನೀವೇ ಎಚ್-1ಬಿಗೆ ಪ್ರಯತ್ನಿಸಬಹುದೇ? ಬಹುದು. ಎಚ್-4ರಲ್ಲಿ ಕಳೆದ ಕಾಲ ನಿಮ್ಮ ಎಚ್-1ಬಿಯ ಆರು ವರ್ಷದಲ್ಲಿ ಕಳೆಯುವುದೂ ಇಲ್ಲ. ವರ್ಷಕ್ಕೆ 65,000 ಸಾಮಾನ್ಯ ಸ್ಥಾನಗಳು, ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000; ಮಾರ್ಚ್‌ನಲ್ಲಿ ನೋಂದಣಿ, ಲಾಟರಿಯಲ್ಲಿ ಆಯ್ಕೆಯಾಗಿ ಅರ್ಜಿ ಮಂಜೂರಾದರೆ ಅಕ್ಟೋಬರ್ 1ರಿಂದ ಕೆಲಸ. ನಿಮ್ಮ ಎಂ.ಎಸ್ಸಿ. ಭಾರತದ್ದಾದ್ದರಿಂದ ನೀವು ಮೊದಲ ಗುಂಪಿಗೆ ಮಾತ್ರ ಸೇರುತ್ತೀರಿ. 2026ರ ಋತುವಿನಿಂದ ಈ ಲಾಟರಿಯಲ್ಲಿ ಸಂಬಳದ ಮಟ್ಟ ಹೆಚ್ಚಿದ್ದವರಿಗೆ ಹೆಚ್ಚು ಅವಕಾಶ ಸಿಗುವಂತೆ ನಿಯಮ ಬದಲಾಗಿದೆ. ಹೊಸದಾಗಿ ಸೇರುವ ಶಿಕ್ಷಕಿಗೆ ಇದು ಅನುಕೂಲವಲ್ಲ. ಆದರೆ ನಿಮ್ಮ ವೃತ್ತಿಯಲ್ಲಿ ಬೇರೆಯವರಿಗಿಲ್ಲದ ಒಂದು ಬಾಗಿಲು ತೆರೆದಿದೆ. ವಿಶ್ವವಿದ್ಯಾಲಯಗಳು, ಕಾಲೇಜುಗಳು, ಅವುಗಳಿಗೆ ಸೇರಿದ ಲಾಭರಹಿತ ಸಂಸ್ಥೆಗಳು ಮತ್ತು ಲಾಭರಹಿತ ಸಂಶೋಧನಾ ಸಂಸ್ಥೆಗಳು ಈ ಸ್ಥಾನಮಿತಿಯ ಹೊರಗಿವೆ: ಅವರಿಗೆ ಲಾಟರಿಯಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಅರ್ಜಿ ಹಾಕಬಹುದು. ಭೌತಶಾಸ್ತ್ರದ ಪ್ರಯೋಗಾಲಯ ಬೋಧಕಿ, ಬೋಧನಾ ಸಿಬ್ಬಂದಿ, ಸಂಶೋಧನಾ ಸಹಾಯಕಿ, ಇಂಥ ಹುದ್ದೆಗಳನ್ನು ಮನೆಯಿಂದ ಒಂದು ಗಂಟೆಯ ದೂರದೊಳಗಿನ ಪ್ರತಿಯೊಂದು ಕ್ಯಾಂಪಸ್ಸಿನ ತಾಣದಲ್ಲೂ ಹುಡುಕಿ. ಹುಡುಕುವುದಕ್ಕೆ, ಸಂದರ್ಶನಕ್ಕೆ ಹೋಗುವುದಕ್ಕೆ ಅನುಮತಿ ಬೇಕಿಲ್ಲ.

2025ರ ಸೆಪ್ಟೆಂಬರ್ 21ರಿಂದ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಹೇರಿದ 1,00,000 ಡಾಲರ್‌ನ ವಿಚಾರ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಅದೇ ಅಕ್ಟೋಬರ್‌ನಲ್ಲಿ ಇಲಾಖೆ ಕೊಟ್ಟ ಸ್ಪಷ್ಟೀಕರಣದ ಪ್ರಕಾರ, ದೇಶದೊಳಗೇ ಇದ್ದು ಎಚ್-4ರಿಂದ ಎಚ್-1ಬಿಗೆ ಸ್ಥಿತಿ ಬದಲಾವಣೆ ಮಂಜೂರಾದವರಿಗೆ ಅದು ಅನ್ವಯಿಸುವುದಿಲ್ಲ. ಆದರೆ ಅರ್ಜಿ ಬಾಕಿಯಿರುವಾಗ ಊರಿಗೆ ಹೊರಟರೆ ಸ್ಥಿತಿ ಬದಲಾವಣೆಯ ಕೋರಿಕೆ ಬಿದ್ದುಹೋಗುತ್ತದೆ, ಆ ಭಾರಿ ಶುಲ್ಕ ಅನ್ವಯವಾಗುವ ಅಪಾಯವೂ ಬರುತ್ತದೆ. ಮನೆಯಲ್ಲಿ ಮದುವೆ ಮುಂಜಿಗಳಿದ್ದರೆ ಇದನ್ನು ಮೊದಲೇ ಲೆಕ್ಕ ಹಾಕಿ.

ನಿಮ್ಮ ಗೆಳತಿ ಹೇಳಿದ ‘ಮೊದಲ ದಿನದ ಸಿಪಿಟಿ’ಯನ್ನು ನಾನು ನಿಮಗೆ ಸೂಚಿಸುವುದಿಲ್ಲ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ಪಠ್ಯದ ಭಾಗವಾಗಿ ಹೊರಗೆ ಕೆಲಸ ಮಾಡಬೇಕಾದರೆ, ಅಂದರೆ ಸಿಪಿಟಿ ಪಡೆಯಬೇಕಾದರೆ, ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕೆಂಬುದು ಸಾಮಾನ್ಯ ನಿಯಮ. ಕೆಲವು ಸ್ನಾತಕೋತ್ತರ ಕೋರ್ಸುಗಳಿಗೆ ಮೊದಲಿನಿಂದಲೇ ತರಬೇತಿ ಅನಿವಾರ್ಯವಾದರೆ ವಿನಾಯಿತಿ ಇದೆ. ಈ ವಿನಾಯಿತಿಯನ್ನೇ ಮುಂದಿಟ್ಟು ಕೆಲವು ಕಾಲೇಜುಗಳು ಪ್ರವೇಶ ಮಾರುತ್ತವೆ. ಮುಂದಿನ ಅರ್ಜಿಗಳಲ್ಲಿ ಅಧಿಕಾರಿಗಳು ಅದನ್ನೇ ಕೆದಕಿ ಕೇಳುತ್ತಾರೆ. ಅಲ್ಲದೆ ಎಫ್-1ಗೆ ಓದು ಮುಗಿಸಿ ಊರಿಗೆ ಮರಳುವ ಉದ್ದೇಶ ತೋರಿಸಬೇಕು, ಅತ್ತ ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿದೆ. ನಿಜವಾಗಿ ಓದಬೇಕೆಂಬ ಆಸೆಯಿದ್ದರೆ ಎಚ್-4ರಲ್ಲೇ ಇದ್ದು ಪೂರ್ಣಾವಧಿ ಓದಬಹುದು. ಎಫ್-1ರಲ್ಲಿ ಓದಿದವರಿಗೆ ಪದವಿಯ ನಂತರ 12 ತಿಂಗಳ ಒಪಿಟಿ, ವಿಜ್ಞಾನ ವಿಷಯಗಳಿಗೆ ಇನ್ನೂ 24 ತಿಂಗಳು ಕೆಲಸದ ಅವಕಾಶವಿದೆ ಎಂಬುದು ನಿಜ. ಆದರೆ ಎರಡು ವರ್ಷದ ಶುಲ್ಕ ಕಟ್ಟಿ ಅದನ್ನು ಮುಟ್ಟುವ ಹೊತ್ತಿಗೆ ನಿಮ್ಮ ಪತಿಯ ಐ-140 ಬಂದಿರುವ ಸಂಭವವೇ ಹೆಚ್ಚು.

ತಮ್ಮ ಕಂಪನಿಯಿಂದಲೇ ಅಮೆರಿಕಕ್ಕೆ ವರ್ಗವಾಗಿ ಎಲ್-1 ವೀಸಾದಲ್ಲಿ ಬಂದವರ ಸಂಗಾತಿಗಳು ಕಾರ್ಡಿಲ್ಲದೆ ಕೆಲಸ ಮಾಡುತ್ತಿರುವುದನ್ನು ನೋಡಿ ಗೊಂದಲಗೊಳ್ಳಬೇಡಿ. 2021ರ ನವೆಂಬರಿನ ರಾಜಿ ಒಪ್ಪಂದದ ನಂತರ ಅವರ ಐ-94 ಮೇಲೆ ಎಲ್-2ಎಸ್ ಎಂದು ನಮೂದಾಗಿದ್ದರೆ ಅದೇ ಅವರ ಅನುಮತಿ. ಎಚ್-4ಕ್ಕೆ ಅದು ಅನ್ವಯಿಸುವುದಿಲ್ಲ.

ಕಾಯುವ ಈ ತಿಂಗಳುಗಳಲ್ಲಿ ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಿ. ಟೆಕ್ಸಾಸಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಲು ರಾಜ್ಯದ ಶಿಕ್ಷಕ ಪ್ರಮಾಣಪತ್ರ ಬೇಕು. ಅದಕ್ಕೆ ನಿಮ್ಮ ಬಿ.ಎಸ್ಸಿ., ಎಂ.ಎಸ್ಸಿ., ಬಿ.ಎಡ್. ಪದವಿಗಳ ಮೌಲ್ಯಮಾಪನ ಮಾನ್ಯತೆ ಪಡೆದ ಸಂಸ್ಥೆಯಿಂದ ಆಗಬೇಕು, ಟೆಕ್ಸೆಸ್ ಎಂಬ ರಾಜ್ಯದ ಶಿಕ್ಷಕ ಅರ್ಹತಾ ಪರೀಕ್ಷೆಗಳನ್ನು ಬರೆಯಬೇಕು. ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯವೇ ಮೊಹರು ಮಾಡಿದ ಲಕೋಟೆಯಲ್ಲಿ ಅಂಕಪಟ್ಟಿ ಕಳುಹಿಸಬೇಕೆಂದು ಹಲವು ಸಂಸ್ಥೆಗಳು ಕೇಳುತ್ತವೆ. ಟೆಕ್ಸಾಸಿನಲ್ಲಿ ಕುಳಿತು ಕುಲಸಚಿವರ ಕಚೇರಿಯಿಂದ ಅದನ್ನು ಹೊರಡಿಸುವುದು ಸುಲಭವಲ್ಲ. ಊರಿನಲ್ಲಿರುವ ತಮ್ಮನನ್ನೋ ಹಳೆಯ ಸಹೋದ್ಯೋಗಿಯನ್ನೋ ಈಗಲೇ ಓಡಾಡಿಸಿ. ಓದು, ಪರೀಕ್ಷೆ, ಮೌಲ್ಯಮಾಪನಗಳಿಗೆ ಇಎಡಿ ಬೇಕಿಲ್ಲ. ವಿಜ್ಞಾನ, ಗಣಿತ ಶಿಕ್ಷಕರ ಕೊರತೆ ಇಲ್ಲಿನ ಶಾಲೆಗಳಲ್ಲಿ ಬಹುಕಾಲದಿಂದಲೂ ಇದೆ. ಕಾರ್ಡು ಬಂದ ದಿನ ಪ್ರಮಾಣಪತ್ರವೂ ಸಿದ್ಧವಿದ್ದರೆ ನೀವು ಅರ್ಧದಾರಿ ಮುಂದಿರುತ್ತೀರಿ.

ಆ 80 ಡಾಲರ್ ವಿಷಯಕ್ಕೆ ಮರಳಿ ಬರುತ್ತೇನೆ, ಏಕೆಂದರೆ ಇವತ್ತೇ ಮಾಡಬೇಕಾದ ಕೆಲಸ ಅದರಲ್ಲಿದೆ. ಆ ಎರಡು ಮನೆಯವರಿಗೂ ಈ ಸಂಜೆಯೇ ವಾಟ್ಸಾಪಿನಲ್ಲಿ, ಇನ್ನು ಮುಂದೆ ನಾನು ತರಗತಿ ತೆಗೆದುಕೊಳ್ಳುವುದಿಲ್ಲ ಎಂದು ಒಂದು ಸಾಲು ಬರೆದು ಕಳುಹಿಸಿ. ಕೆಲಸ ಎಂದು ನಿಂತಿತು ಎಂಬುದಕ್ಕೆ ದಿನಾಂಕವಿರುವ ಆ ಸಂದೇಶವೇ ಆಧಾರ. ಅದರ ಸ್ಕ್ರೀನ್‌ಶಾಟ್ ತೆಗೆದು ಹಣ ಬಂದ ದಾಖಲೆಯ ಜೊತೆ ನಿಮ್ಮ ವಲಸೆ ಕಡತದಲ್ಲಿ ಇಡಿ. ಈ ವರ್ಷದ ತೆರಿಗೆ ವಿವರದಲ್ಲಿ ಆ ಹಣವನ್ನು ತೋರಿಸಿ. ಮುಂದೆ ಐ-485 ತುಂಬುವಾಗ ವಕೀಲರಿಗೆ ಇದನ್ನು ಮುಚ್ಚಿಡದೆ ಹೇಳಿ, ಪ್ರಶ್ನೆಗೆ ಹೌದು ಎಂದೇ ಉತ್ತರಿಸಿ. ಆ ಮಕ್ಕಳಿಗೆ ನಿಮ್ಮ ಪಾಠ ಹಿಡಿಸಿದ್ದರೆ ಅವರ ತಂದೆತಾಯಿಯರ ಫೋನ್ ಸಂಖ್ಯೆ ಇಟ್ಟುಕೊಂಡಿರಿ. ಸಿ26 ಎಂದು ಬರೆದ ಕಾರ್ಡು ಅಂಚೆಪೆಟ್ಟಿಗೆಗೆ ಬಂದ ದಿನ ಮೊದಲ ಕರೆ ಅವರಿಗೇ ಮಾಡಬಹುದು.